ಮಂಗನ ಕಾಯಿಲೆಯನ್ನು ಹುಡುಕುವುದು ಹೇಗೆ?



ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್ ತೆರೆದು, ತೋಚಿದ ಎರಡು ಪದ ಟೈಪ್ ಮಾಡಿ, ಮೊದಲ ಪುಟದಲ್ಲಿ ಕಂಡ ಲೇಖನಗಳನ್ನು ಇಳಿಸಿಕೊಂಡರೆ ಸಾಹಿತ್ಯ ಸಮೀಕ್ಷೆ ಮುಗಿಯಿತು ಎಂಬ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಅದನ್ನು ಬದಲಿಸುವುದೇ ಈ ವಿಚಾರ ಸಂಕಿರಣದ ಆಶಯ.

ನಮ್ಮದೇ ನೆಲದ ಒಂದು ಕಾಯಿಲೆಯನ್ನು ತೆಗೆದುಕೊಳ್ಳೋಣ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಿಂದ ನರಳಿದರು. ಉಣುಗಿನಿಂದ ಹರಡುವ ಆ ರೋಗಕ್ಕೆ ಮಲೆನಾಡಿನಲ್ಲಿ ಮಂಗನ ಕಾಯಿಲೆ ಎಂದೇ ಹೆಸರು. ವಿಜ್ಞಾನಿಗಳು ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎಂದು ಕರೆದರು. ಕೆಲವರು ಬರೀ ಕೆಎಫ್‌ಡಿ ಎನ್ನುತ್ತಾರೆ, ಪತ್ರಿಕೆಗಳು ಮಂಕಿ ಫೀವರ್ ಎನ್ನುತ್ತವೆ. ಮೊದಲ ವರ್ಷಗಳ ಬರಹಗಳಲ್ಲಿ ಇದನ್ನು ರಷ್ಯಾದ ವಸಂತ-ಬೇಸಿಗೆ ಮಿದುಳುರಿತದ ವೈರಾಣು ಗುಂಪಿಗೆ ಸೇರಿಸಿ ಬರೆದದ್ದೂ ಉಂಟು. ಈಗ ಹೇಳಿ, ಯಾವ ಪದ ಕೊಟ್ಟು ಹುಡುಕುತ್ತೀರಿ? ಮಂಕಿ, ಫೀವರ್ ಎಂದಷ್ಟೇ ಕೊಟ್ಟರೆ ಪ್ರಯೋಗಾಲಯದ ಕೋತಿಗಳ ಮೇಲೆ ಬೇರೆ ಜ್ವರಗಳ ಬಗ್ಗೆ ನಡೆದ ಅಧ್ಯಯನಗಳೂ ಬಂದು ಬೀಳುತ್ತವೆ. ಬೇಕಾದದ್ದು ಅವುಗಳಡಿ ಹೂತುಹೋಗುತ್ತದೆ.

ಇಲ್ಲಿ ಕೈಹಿಡಿಯುವುದು ವಿಷಯ ಶೀರ್ಷಿಕೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1960ರಲ್ಲಿ ಹೊರತಂದ, ಪ್ರತಿವರ್ಷ ಪರಿಷ್ಕರಿಸುವ ಮೆಶ್ ಎಂಬ ವಿಷಯ ಶೀರ್ಷಿಕೆಗಳ ಪಟ್ಟಿಯಲ್ಲಿ ಈ ಕಾಯಿಲೆಗೆ ತನ್ನದೇ ಒಂದು ಶೀರ್ಷಿಕೆ ಇದೆ. ಲೇಖಕ ಯಾವ ಹೆಸರನ್ನೇ ಬಳಸಿರಲಿ, ಅದೇ ಗ್ರಂಥಾಲಯದ ಲೇಖನ ಸೂಚಿಯಾದ ಮೆಡ್‌ಲೈನ್‌ಗೆ ಸೇರಿದ ಲೇಖನ ಆ ಶೀರ್ಷಿಕೆಯಡಿ ಬರಬೇಕೆಂಬುದು ಅದರ ಉದ್ದೇಶ. ಉಣುಗಿನಿಂದ ಹರಡುವ ರೋಗಗಳು ಎಂಬ ಮೇಲಿನ ಶೀರ್ಷಿಕೆಯಿಂದ ಹುಡುಕಿದರೆ ಅದರ ಕೊಂಬೆಗಳಲ್ಲಿರುವ ಮಂಗನ ಕಾಯಿಲೆಯೂ ತಾನಾಗಿ ಸೇರಿಕೊಳ್ಳುತ್ತದೆ. ತಡೆ ಮತ್ತು ನಿಯಂತ್ರಣ ಎಂಬ ಉಪಶೀರ್ಷಿಕೆ ಜೋಡಿಸಿದರೆ ಹುಡುಕಾಟ ಲಸಿಕೆಯಂಥ ವಿಷಯಗಳತ್ತ ಕಿರಿದಾಗುತ್ತದೆ. ಈ ವಿದ್ಯೆ ನಮಗೆ ಹೊರಗಿನದೇನಲ್ಲ. ವಿಷಯ ಶೀರ್ಷಿಕೆಗಳನ್ನು ಕ್ರಮಬದ್ಧವಾಗಿ ಪಡೆಯುವ ವಿಧಾನ ರೂಪಿಸಿದ ಎಸ್.ಆರ್. ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲೇ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು.

ಆದರೆ ಶೀರ್ಷಿಕೆಯೊಂದನ್ನೇ ನಂಬಿದರೆ ಇನ್ನೊಂದು ನಷ್ಟವಿದೆ, ಅದು ಹೆಚ್ಚಾಗಿ ತಟ್ಟುವುದು ನಮಗೇ. ಪಬ್‌ಮೆಡ್‌ನಲ್ಲಿರುವುದೆಲ್ಲ ಮೆಡ್‌ಲೈನ್ ಅಲ್ಲ. ಮೆಡ್‌ಲೈನ್‌ಗೆ ಸೇರದ ಎಷ್ಟೋ ಭಾರತೀಯ ಪತ್ರಿಕೆಗಳ ಲೇಖನಗಳು ಪೂರ್ಣಪಾಠಗಳ ಸಂಗ್ರಹವಾದ ಪಬ್‌ಮೆಡ್ ಸೆಂಟ್ರಲ್ ಮೂಲಕ ಅಲ್ಲಿಗೆ ಬರುತ್ತವೆ, ಅವುಗಳಿಗೆ ಮೆಶ್ ಹಚ್ಚಿರುವುದಿಲ್ಲ. ಜಿಲ್ಲಾ ಆಸ್ಪತ್ರೆಯ ವೈದ್ಯರೊಬ್ಬರು ಕಷ್ಟಪಟ್ಟು ಬರೆದ ಪ್ರಕರಣ ವರದಿ ಅಂಥ ಪತ್ರಿಕೆಯಲ್ಲಿದ್ದರೆ, ಶೀರ್ಷಿಕೆ ಮಾತ್ರ ಕೊಟ್ಟು ಹುಡುಕುವವರಿಗೆ ಅದು ಇಲ್ಲದಂತೆಯೇ. ಹೊಸ ರೋಗಗಳದ್ದೂ ಇಂಥದೇ ಕಥೆ, ಲೇಖನಗಳು ಮೊದಲು ಬರುತ್ತವೆ, ಶೀರ್ಷಿಕೆ ಆಮೇಲೆ: ಏಡ್ಸ್‌ಗೆ ಶೀರ್ಷಿಕೆ ಸಿಕ್ಕಿದ್ದು 1983ರಲ್ಲಿ, ಕೋವಿಡ್‌ಗೆ ಪೂರ್ಣ ಶೀರ್ಷಿಕೆ ಸಿಕ್ಕಿದ್ದು 2021ರ ಪಟ್ಟಿಯಲ್ಲಿ. ಹಾಗಾಗಿ ಶೀರ್ಷಿಕೆಯನ್ನೂ, ಲೇಖಕರು ಬಳಸುವ ಎಲ್ಲ ಹೆಸರುಗಳನ್ನೂ ‘ಆರ್’ (OR, ಅಂದರೆ ‘ಅಥವಾ’) ಹಾಕಿ ಜೋಡಿಸಿಯೇ ಹುಡುಕಬೇಕು.

2022ರಿಂದ ಮೆಡ್‌ಲೈನ್‌ನಲ್ಲಿ ಶೀರ್ಷಿಕೆ ಹಚ್ಚುವುದು ಯಂತ್ರದ ಕೆಲಸವಾಗಿದೆ. ತಜ್ಞರು ಬೇಕಾದಲ್ಲಿ ಮಾತ್ರ ಪರಿಶೀಲಿಸುತ್ತಾರೆ. ಯಂತ್ರ ಮುಖ್ಯವಾಗಿ ನೋಡುವುದು ಲೇಖನದ ಹೆಸರು ಮತ್ತು ಸಾರಾಂಶವನ್ನು. ಅಲ್ಲಿ ಕೆಎಫ್‌ಡಿ ಎಂದು ಮೂರಕ್ಷರ ಬರೆದು ಬಿಡಬೇಡಿ, ಪೂರ್ಣ ಹೆಸರು ಬರೆಯಿರಿ. ಇದು ಬರೆಯುವವರಿಗೆ ನನ್ನ ಕೋರಿಕೆ. ಗ್ರಂಥಪಾಲಕರಿಗೊಂದು ಕೋರಿಕೆ: ಇಂದು ಮಧ್ಯಾಹ್ನದ ಕಾರ್ಯಾಗಾರದಲ್ಲಿ ಪ್ರತಿ ಗುಂಪೂ ಒಂದು ಪೂರ್ಣ ಹುಡುಕಾಟವನ್ನು, ಬಳಸಿದ ಪದ, ಶೀರ್ಷಿಕೆ, ದಿನಾಂಕ, ಸಿಕ್ಕ ಲೇಖನಗಳ ಸಂಖ್ಯೆ ಸಮೇತ, ಬರೆದಿಡಲಿ. ನಾಳೆ ಬೆಳಿಗ್ಗೆ ಇನ್ನೊಂದು ಗುಂಪು ಅದನ್ನೇ ಮತ್ತೆ ನಡೆಸಿ ನೋಡಲಿ.