ಭೋಸರಿಯಲ್ಲೊಂದು ಸ್ವಂತ ಸೂರು

(ಭೋಸರಿಯ ಕನ್ನಡ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣದ ಪಠ್ಯ)



ಸಂಘದ ವೇದಿಕೆಯಿಂದ ಸಾಹಿತ್ಯ, ಸಂಗೀತ, ನಾಡುನುಡಿಗಳ ಕುರಿತು ಮಾತನಾಡುವುದು ವಾಡಿಕೆ. ಇಂದು ನನಗೆ ಒಪ್ಪಿಸಿರುವ ವಿಷಯ ಮನೆಯ ಕೊಡುಕೊಳ್ಳುವಿಕೆ. ನಾನು ವಕೀಲನಲ್ಲ, ಕಾರಖಾನೆಯಲ್ಲಿ ದುಡಿದು ನಿವೃತ್ತನಾದವನು. ನಾವು ವಾಸವಾಗಿರುವ ಗೃಹನಿರ್ಮಾಣ ಸಹಕಾರಿ ಸಂಸ್ಥೆಯ ಕಾರ್ಯದರ್ಶಿಯಾಗಿ ಹಲವು ವರ್ಷ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದ ಅನುಭವವಷ್ಟೇ ನನ್ನ ಬಂಡವಾಳ.

ಕೆಲವು ತಿಂಗಳ ಹಿಂದೆ ವಿಜಯಪುರ ಜಿಲ್ಲೆಯ ಕಡೆಯ ತಾಯಿಯೊಬ್ಬರು ಒಂದು ಕೈಚೀಲದ ತುಂಬ ಕಾಗದಗಳನ್ನು ಹಿಡಿದು ನಮ್ಮ ಮನೆಗೆ ಬಂದರು. ಯಜಮಾನರು ತೀರಿಕೊಂಡಿದ್ದರು. ಮಗ ಮೇಲೊಂದು ಅಂತಸ್ತು ಕಟ್ಟಲು ಸಾಲ ಕೇಳಿದರೆ ಬ್ಯಾಂಕು ಕೊಡಲೊಲ್ಲದು. ಚೀಲದಲ್ಲಿ ನೋಟರಿ ಮುದ್ರೆಯಿದ್ದ ಸ್ಟಾಂಪ್ ಕಾಗದವಿತ್ತು, ವರ್ಷವರ್ಷದ ಘರಪಟ್ಟಿಯ ಪಾವತಿಗಳಿದ್ದವು, ಲೈಟ್ ಬಿಲ್ಲುಗಳಿದ್ದವು. "ಇಷ್ಟೆಲ್ಲಾ ಕಾಗದ ಅದಾವ್ರಿ ಅಣ್ಣಾರ, ಮನಿ ನಮ್ದಲ್ಲಂತ ಹ್ಯಾಂಗ ಅಂತಾರ್ರಿ?" ಎಂದು ಅವರು ಕೇಳಿದರು. ಆ ಪ್ರಶ್ನೆಗೆ ಉತ್ತರವೇ ಇಂದಿನ ನನ್ನ ಮಾತು.

ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ಮಹಾಮಂಡಳವು 1962ರಲ್ಲಿ ಸ್ಥಾಪನೆಯಾದ ನಂತರ ಪಿಂಪರಿ, ಚಿಂಚವಡ, ಭೋಸರಿಗಳ ಹೊಲಗಳಲ್ಲಿ ಕಾರಖಾನೆಗಳು ಎದ್ದವು. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳಿಂದ ನಮ್ಮ ಜನ ದುಡಿಮೆ ಅರಸಿ ಬಂದರು. ಕಾರಖಾನೆಗೆ ಜಾಗ ಸಿಕ್ಕಿತು; ಕಾರ್ಮಿಕನಿಗೆ ಜಾಗ ಸಿಕ್ಕಲಿಲ್ಲ. ಬಾಡಿಗೆಯ ಖೋಲಿಯಲ್ಲಿ ಎಷ್ಟು ವರ್ಷ ಕಳೆದಾರು? ರೈತರ ಹೊಲಗಳು ಗುಂಠೆ ಅರ್ಧಗುಂಠೆಗಳಾಗಿ ಒಡೆದು ಮಾರಾಟವಾದವು. ನಮ್ಮ ಗುಂಟೆಯೇ ಇಲ್ಲಿನ ಗುಂಠಾ. ಎಕರೆಗೆ 40, ಒಂದಕ್ಕೆ 1,089 ಚದರ ಅಡಿ. ಆದರೆ 1947ರ ತುಕಡಾಬಂದಿ ಕಾಯಿದೆ ಕೃಷಿಭೂಮಿಯನ್ನು ನಿಗದಿತ ಪ್ರಮಾಣಕ್ಕಿಂತ ಚಿಕ್ಕ ತುಂಡುಗಳಾಗಿ ಮಾರುವುದನ್ನು ನಿರ್ಬಂಧಿಸಿತ್ತು. ನೋಂದಣಿ ಕಚೇರಿಯಲ್ಲಿ ಆಗದ ಕೆಲಸವನ್ನು ನೋಟರಿಯ ಮುಂದೆ ಮುಗಿಸಿಕೊಂಡರು. "ನಮ್ಮೂರಿನವರೇ ನಡುವೆ ಇದ್ದಾರೆ, ಮೋಸವಾಗದು" ಎಂಬ ನಂಬಿಕೆಯೊಂದೇ ಆಧಾರವಾಗಿತ್ತು.

ಮನೆ ಕೊಳ್ಳುವವನು ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಭೂಮಿ ಯಾರದು? ಅಲ್ಲಿ ಮನೆ ಕಟ್ಟಲು ಅನುಮತಿ ಇದೆಯೆ? ಅದು ಕಾಯಿದೆಯಂತೆ ನನ್ನ ಹೆಸರಿಗೆ ಬಂದಿದೆಯೆ? ಒಂದಕ್ಕೆ ಸಿಕ್ಕ ಉತ್ತರ ಇನ್ನೊಂದಕ್ಕೆ ಸಲ್ಲುವುದಿಲ್ಲ. ನಮ್ಮವರ ಬಹುಪಾಲು ಸಂಕಟ ಈ ಮೂರನ್ನು ಒಂದೇ ಎಂದು ತಿಳಿದುದರಿಂದ ಹುಟ್ಟಿದೆ.

ಮೊದಲನೆಯದು ಭೂಮಿಯ ಒಡೆತನ. ಊರಿನಲ್ಲಿ ನಾವು ಪಹಣಿ ನೋಡುವಂತೆ ಇಲ್ಲಿ ಸಾತ್‌ಬಾರಾ ಉತಾರೆ ನೋಡಬೇಕು. ಗಾಂವಠಾಣದೊಳಗಿನ ಜಾಗವಾದರೆ ಸಿಟಿ ಸರ್ವೆಯ ಪ್ರಾಪರ್ಟಿ ಕಾರ್ಡು. ಉತಾರೆಯಲ್ಲಿ ಮಾರುವವನ ಹೆಸರು ಕಂಡ ಮಾತ್ರಕ್ಕೆ ಸಮಾಧಾನ ಬೇಡ. ಹೆಸರಿನ ಪಕ್ಕದಲ್ಲಿ "ಎ.ಕು.ಮ್ಯಾ." ಎಂದಿದ್ದರೆ ಆತ ಏಕತ್ರ ಕುಟುಂಬದ ಮ್ಯಾನೇಜರನೆಂದು ಅರ್ಥ, ಭೂಮಿ ಅವನೊಬ್ಬನದಲ್ಲ. "ಇತರ ಅಧಿಕಾರ" ಎಂಬ ಅಂಕಣದಲ್ಲಿ ಸಾಲದ ಬೋಜಾ ಇರಬಹುದು, ಕುಳದ ಹೆಸರಿರಬಹುದು. ಕನ್ನಡದಲ್ಲಿ ಕುಳವೆಂದರೆ ಕಂದಾಯ ಕಟ್ಟುವ ಸ್ಥಿತಿವಂತ. ಮರಾಠಿಯಲ್ಲಿ ಕುಳವೆಂದರೆ ಗೇಣಿದಾರ. ಒಂದೇ ಶಬ್ದ, ಅರ್ಥ ಬೇರೆ. ಇದನ್ನರಿಯದೆ ಹಣ ಕೊಟ್ಟವರಿದ್ದಾರೆ. "ಭೋಗವಟಾದಾರ ವರ್ಗ 2" ಎಂದಿದ್ದರೆ ಸರಕಾರದ ಅನುಮತಿಯಿಲ್ಲದೆ ಆ ಭೂಮಿಯನ್ನು ಮಾರುವಂತಿಲ್ಲ. ಹೆಸರು ಹೇಗೆ ಬದಲಾಗುತ್ತ ಬಂದಿತೆಂಬುದಕ್ಕೆ ಫೇರ್‌ಫಾರ್ ನೋಂದುಗಳನ್ನು ನೋಡಬೇಕು. ಕಳೆದ 30 ವರ್ಷಗಳ ನೋಂದಣಿ ದಾಖಲೆಗಳನ್ನು ವಕೀಲರಿಂದ ಶೋಧಿಸಿ ಲಿಖಿತ ವರದಿ ಪಡೆಯಬೇಕು. ಮನೆಯ ಬೆಲೆಯ ಮುಂದೆ ಅವರ ಶುಲ್ಕ ಅಲ್ಪ.

ಇಂದ್ರಾಯಣಿನಗರದಂಥ ಪ್ರಾಧಿಕರಣದ ಭಾಗಗಳಲ್ಲಿ ಸ್ಥಿತಿ ಬೇರೆ. 1972ರಲ್ಲಿ ಸ್ಥಾಪನೆಯಾದ ನವನಗರ ವಿಕಾಸ ಪ್ರಾಧಿಕರಣವು ನಿವೇಶನಗಳನ್ನು 99 ವರ್ಷಗಳ ಭೋಗ್ಯಕ್ಕೆ ಕೊಟ್ಟಿತು. 2021ರಲ್ಲಿ ಪ್ರಾಧಿಕರಣ ವಿಲೀನವಾಯಿತು. ಭೋಗ್ಯದ ಷರತ್ತುಗಳು ಅದರೊಡನೆ ಅಳಿಯಲಿಲ್ಲ. ಅಲ್ಲಿ ಕೊಳ್ಳುವವರು ಭೋಗ್ಯಪತ್ರವನ್ನೂ ಹಸ್ತಾಂತರದ ಅನುಮತಿಯನ್ನೂ ಕೇಳಿ ನೋಡಬೇಕು.

ಎರಡನೆಯದು ಕಟ್ಟುವ ಅನುಮತಿ. ಇದನ್ನು ಕಡೆಗಣಿಸಿದರೆ ಏನಾಗುವುದೆಂಬುದನ್ನು ನಮ್ಮ ನೆರೆಯ ಚಿಖಲಿ ತೋರಿಸಿಕೊಟ್ಟಿದೆ. ಇಂದ್ರಾಯಣಿ ದಂಡೆಯ ನೀಲಿ ರೇಖೆಯೊಳಗೆ ಕಟ್ಟಿದ್ದ 36 ಬಂಗಲೆಗಳನ್ನು 2025ರ ಮೇ 17ರಂದು ಮಹಾನಗರಪಾಲಿಕೆ ನೆಲಸಮ ಮಾಡಿತು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2024ರ ಜುಲೈನಲ್ಲಿ ಆದೇಶವಿತ್ತಿತ್ತು. ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ನೀಲಿ ರೇಖೆಯೆಂದರೆ 25 ವರ್ಷಗಳಿಗೊಮ್ಮೆ ಬರಬಹುದಾದ ನೆರೆಯ ಮಟ್ಟ. ನೆಲದ ಮೇಲೆ ಅದು ಕಾಣುವುದಿಲ್ಲ, ನಕಾಶೆಯಲ್ಲಿ ಮಾತ್ರ ಕಾಣುತ್ತದೆ. ಅಲ್ಲಿದ್ದವರೂ ಜೀವಮಾನದ ಗಳಿಕೆ ಸುರಿದವರೇ. ರೇಖೆಯ ವಿಷಯವನ್ನು ತಮಗೆ ಯಾರೂ ಹೇಳಲಿಲ್ಲವೆಂದು ಗೋಳಾಡಿದರು. ಖರೀದಿ ಪತ್ರ ನೋಂದಣಿಯಾಗಿದ್ದರೂ ಅದು ನದೀಪಾತ್ರದಲ್ಲಿ ಕಟ್ಟುವ ಹಕ್ಕನ್ನು ಕೊಡಲಾರದು. ನೋಂದಣಾಧಿಕಾರಿ ವ್ಯವಹಾರವನ್ನು ದಾಖಲಿಸುತ್ತಾನೆ. ಮನೆ ಸಕ್ರಮವೆಂದು ಪ್ರಮಾಣೀಕರಿಸುವುದಿಲ್ಲ.

ನಮ್ಮ ಭಾಗದಲ್ಲಿ ಇನ್ನೊಂದು ಅಡಚಣೆಯುಂಟು. ದಿಘಿ ಮತ್ತು ದೇಹೂರೋಡಿನ ಸೈನ್ಯದ ಮದ್ದುಗುಂಡಿನ ಉಗ್ರಾಣಗಳ ಸುತ್ತ 1903ರ ರಕ್ಷಣಾ ಕಾಮಗಾರಿ ಕಾಯಿದೆಯಡಿ ನಿರ್ಬಂಧಿತ ವಲಯವಿದೆ. ಜನ ಅದನ್ನು ರೆಡ್ ಝೋನ್ ಎನ್ನುತ್ತಾರೆ. ನೆರೆಯ ಕೆಂಪು ರೇಖೆ ಬೇರೆ, ಈ ರೆಡ್ ಝೋನ್ ಬೇರೆ. ಆದುದರಿಂದ ಮುಂಗಡ ಕೊಡುವ ಮೊದಲೇ ಸರ್ವೆ ನಂಬರು ಹಿಡಿದು ಪಾಲಿಕೆಯ ನಗರರಚನಾ ವಿಭಾಗದಿಂದ ಝೋನ್ ದಾಖಲೆ ಪಡೆಯಿರಿ. ಭೂಮಿ ವಸತಿಗೆ ಮೀಸಲೋ, ರಸ್ತೆಗೋ, ಉದ್ಯಾನಕ್ಕೋ ಎಂಬುದು ಅದರಲ್ಲಿ ತಿಳಿಯುತ್ತದೆ. ಕಟ್ಟಿದ ಮನೆಯಾದರೆ ಮಂಜೂರಾದ ನಕಾಶೆ ಮತ್ತು ಭೋಗವಟಾ ಪ್ರಮಾಣಪತ್ರಗಳನ್ನು ಕೇಳಿರಿ.

"ಪಾಲಿಕೆಯೇ ತೆರಿಗೆ ತೆಗೆದುಕೊಳ್ಳುತ್ತಿದೆಯಲ್ಲ?" ಎನ್ನುವಿರಿ. ತೆರಿಗೆಯ ಪಾವತಿ ಒಡೆತನದ ಪತ್ರವಲ್ಲ, ಅನುಮತಿಯೂ ಅಲ್ಲ. ಇದೇ ನಗರದಲ್ಲಿ ಅನಧಿಕೃತ ಮನೆಗಳ ಮೇಲೆ ಶಾಸ್ತಿಕರ ಹೇರಿದ್ದರು. ಹೆಸರಿಗೆ ತಕ್ಕ ಶಾಸ್ತಿಯೇ ಅದು. 2023ರಲ್ಲಿ ಸರಕಾರ ಅದನ್ನು ಮನ್ನಾ ಮಾಡಿದಾಗ ನಮ್ಮವರು ಮನೆ ಸಕ್ರಮವಾಯಿತೆಂದು ಹಿಗ್ಗಿದರು. ಮನ್ನಾ ಆದದ್ದು ದಂಡ. ಮನೆಯ ಸ್ಥಿತಿ ಇದ್ದಂತೆಯೇ ಉಳಿಯಿತು. ನೀರು, ವಿದ್ಯುತ್ತು, ರಸ್ತೆ ಕೊಟ್ಟು, ದಶಕಗಳ ಕಾಲ ತೆರಿಗೆ ಪಡೆದು, ಕೊನೆಗೊಂದು ದಿನ ಅಕ್ರಮವೆನ್ನುವ ಆಡಳಿತದ ನೀತಿಯನ್ನು ನಾವು ಪ್ರಶ್ನಿಸಲೇಬೇಕು. ಕಟ್ಟುವಾಗ ಕಣ್ಣು ಮುಚ್ಚಿ ಕುಳಿತವರ ಹೊಣೆಯೇನೂ ಕಡಿಮೆಯಲ್ಲ. ಆದರೆ ಆ ಹೋರಾಟದ ಫಲ ಕೈಗೆ ಬರುವವರೆಗೆ ನಮ್ಮ ಎಚ್ಚರ ನಮ್ಮದು.

ಮೂರನೆಯದು ಹಸ್ತಾಂತರ. 1908ರ ನೋಂದಣಿ ಕಾಯಿದೆಯಂತೆ ಸ್ಥಿರಾಸ್ತಿಯ ಖರೀದಿ ಪತ್ರ ನೋಂದಣಿಯಾಗಲೇಬೇಕು. ನೋಟರಿ ಸಹಿಯ ಗುರುತು ಹಿಡಿಯುತ್ತಾನೆ, ಒಡೆತನ ವರ್ಗಾಯಿಸುವುದಿಲ್ಲ. ಮುಖತ್ಯಾರಪತ್ರ ಬರೆಸಿಕೊಂಡು ಮಾರಾಟವಾಯಿತೆನ್ನುವ ಪದ್ಧತಿಯಿಂದ ಒಡೆತನ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರ ಅಕ್ಟೋಬರಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಸಾಠೇಖತ ಬೇರೆ, ಖರೇದಿಖತ ಬೇರೆ. ಮೊದಲನೆಯದು ಮಾರುವೆನೆಂಬ ಕರಾರು, ಎರಡನೆಯದು ಮಾರಿದೆನೆಂಬ ಪತ್ರ. ನೋಂದಣಿಯ ನಂತರ ಸೂಚಿ ಕ್ರಮಾಂಕ ಎರಡು, ಅಂದರೆ ಇಂಡೆಕ್ಸ್ ಟೂ ಪ್ರತಿಯನ್ನು ಪಡೆದು ಜೋಪಾನವಾಗಿಡಿ.

ಹೊಸ ಫ್ಲ್ಯಾಟು ಕೊಳ್ಳುವವರಿಗೆ 2016ರ ರೇರಾ ಕಾಯಿದೆಯ ಆಸರೆಯಿದೆ. ನೋಂದಾಯಿತ ಕರಾರು ಆಗುವ ಮುನ್ನ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಹಣವನ್ನು ಬಿಲ್ಡರು ಕೇಳುವಂತಿಲ್ಲ. ಕಾರ್ಪೆಟ್ ಅಳತೆಯನ್ನೇ ಹೇಳಬೇಕು. ಸ್ವಾಧೀನ ಕೊಟ್ಟ 5 ವರ್ಷಗಳೊಳಗೆ ರಚನೆಯ ದೋಷ ಕಂಡರೆ ತನ್ನ ಖರ್ಚಿನಿಂದ ಸರಿಪಡಿಸಬೇಕು. ಆದರೆ 500 ಚದರ ಮೀಟರು ಮೀರದ ಜಾಗದ ಅಥವಾ 8 ಮನೆ ಮೀರದ ಯೋಜನೆಗೆ ರೇರಾ ನೋಂದಣಿ ಕಡ್ಡಾಯವಲ್ಲ. ಭೋಸರಿಯ ಓಣಿಗಳಲ್ಲಿ ನಮ್ಮವರ ಕೈಗೆಟಕುವ ಚಿಕ್ಕ ಕಟ್ಟಡಗಳು ಎಷ್ಟೋ ವೇಳೆ ಇಂಥವೇ. ಅಲ್ಲಿ 1963ರ ಮಹಾರಾಷ್ಟ್ರ ಮಾಲಕಿ ಫ್ಲ್ಯಾಟ್ ಕಾಯಿದೆಯನ್ನು ನೆನಪಿಡಿ. ಅದರಂತೆ ಶೇಕಡಾ 20 ಮೀರಿ ಹಣ ಪಡೆಯುವ ಮುನ್ನ ಕರಾರು ನೋಂದಣಿಯಾಗಬೇಕು. ಕಟ್ಟಡ ಮುಗಿದ ಮೇಲೂ ಭೂಮಿ ಬಿಲ್ಡರನ ಹೆಸರಿನಲ್ಲೇ ಉಳಿದಿದ್ದರೆ ನಿವಾಸಿಗಳ ಸಂಸ್ಥೆ ಜಿಲ್ಲಾ ಉಪನಿಬಂಧಕರಲ್ಲಿ ಅರ್ಜಿ ಹಾಕಿ ಮಾನೀವ ಅಭಿಹಸ್ತಾಂತರಣ ಪಡೆಯಬಹುದು. ಕಟ್ಟಡ ಹಳತಾಗಿ ಮರುನಿರ್ಮಾಣದ ಮಾತು ಬಂದಾಗ ಇದರ ಬೆಲೆ ಗೊತ್ತಾಗುತ್ತದೆ.

ಇನ್ನು ಮಾರುವವರಿಗೆ ಎರಡು ಮಾತು. ಪೂರ್ತಿ ಹಣ ಬ್ಯಾಂಕಿನ ಮೂಲಕ ಬರುವವರೆಗೆ ಮೂಲ ಕಾಗದಗಳನ್ನಾಗಲಿ ಸ್ವಾಧೀನವನ್ನಾಗಲಿ ಬಿಟ್ಟುಕೊಡಬೇಡಿ. ಊರಿನ ಹೊಲ ಮಾರಿ ಇಲ್ಲಿ ಮನೆ ಕೊಳ್ಳುವವರು ಅಕ್ಕತಂಗಿಯರನ್ನು ಮರೆಯಬೇಡಿ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲೆಂದು ಕರ್ನಾಟಕ, ಮಹಾರಾಷ್ಟ್ರಗಳೆರಡೂ 1994ರಲ್ಲೇ ಕಾಯಿದೆ ಮಾಡಿದವು. 2005ರಲ್ಲಿ ಅದು ದೇಶಕ್ಕೆಲ್ಲ ಬಂದಿತು. ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಖಚಿತಪಡಿಸಿತು. ಇಲ್ಲಿನ ರೈತನ ಸೋದರಿಯರ ಸಹಿಯನ್ನು ಎಷ್ಟು ಜಾಗ್ರತೆಯಿಂದ ಕೇಳುವಿರೋ ನಿಮ್ಮ ಸೋದರಿಯರ ಪಾಲನ್ನೂ ಅಷ್ಟೇ ಪ್ರಾಮಾಣಿಕವಾಗಿ ಕೊಡಿ. ಸಂಸ್ಥೆಯಲ್ಲಿ ನಾಮನಿರ್ದೇಶನ ಮಾಡಿದ ಮಾತ್ರಕ್ಕೆ ಆ ವ್ಯಕ್ತಿ ಮಾಲೀಕನಾಗುವುದಿಲ್ಲ. ವಾರಸುದಾರರ ಹಕ್ಕು ಉಳಿದೇ ಇರುತ್ತದೆ. ಆದ್ದರಿಂದ ಮೃತ್ಯುಪತ್ರ ಬರೆದಿಡಿ. ಸಾಧ್ಯವಾದರೆ ಮನೆಯನ್ನು ದಂಪತಿಗಳಿಬ್ಬರ ಹೆಸರಿನಲ್ಲೂ ಮಾಡಿರಿ.

ಈಗ ಆ ತಾಯಿಯ ಚೀಲದ ಮಾತು. ಅವರಿಗೆ ದಾರಿಯೇ ಇಲ್ಲವೆಂದು ನಾನು ಹೇಳಲಿಲ್ಲ. 2001ರ ಗುಂಠೇವಾರಿ ಕಾಯಿದೆಯನ್ನು 2021ರಲ್ಲಿ ತಿದ್ದಿ, 2020ರ ಡಿಸೆಂಬರ್ 31ರವರೆಗಿನ ಮನೆಗಳನ್ನೂ ಸಕ್ರಮಕ್ಕೆ ಪರಿಗಣಿಸಲು ಅವಕಾಶ ಕೊಟ್ಟಿದ್ದಾರೆ. 2025ರಲ್ಲಿ ನಗರಪ್ರದೇಶದ ಹಳೆಯ ತುಂಡುಜಮೀನುಗಳ ಮಟ್ಟಿಗೆ ತುಕಡಾಬಂದಿಯನ್ನೂ ಸಡಿಲಿಸಿದ್ದಾರೆ. ಆದರೆ ಇವು ತಾವಾಗಿ ಮನೆಬಾಗಿಲಿಗೆ ಬಾರವು. ಎಲ್ಲ ಜಾಗಕ್ಕೂ ಅನ್ವಯಿಸವು. ಮೊದಲು ಝೋನ್ ದಾಖಲೆ ತೆಗೆಸಬೇಕು. ಮಾರಿದ ರೈತನೋ ಅವನ ವಾರಸುದಾರರೋ ಸಹಿಗೆ ಸಿಗುವಾಗಲೇ ಖರೀದಿ ಪತ್ರವನ್ನು ನೋಂದಾಯಿಸಲು ಯತ್ನಿಸಬೇಕು. ಮೂವತ್ತು ವರ್ಷದ ಹಿಂದೆ ಒಬ್ಬನ ಸಹಿಯಿಂದ ಆಗಬಹುದಾಗಿದ್ದ ಕೆಲಸಕ್ಕೆ ಇಂದು ಆ ತಾಯಿ ಹನ್ನೊಂದು ಜನರ ಮನೆಗೆ ಅಲೆಯುತ್ತಿದ್ದಾರೆ.

ಬಂಧುಗಳೆ, ಕಾಗದ ಮರಾಠಿಯಲ್ಲಿದೆಯೆಂದು ಓದದೆ ಸಹಿ ಹಾಕುವುದು ಭಾಷಾಭಿಮಾನವಲ್ಲ. ನಾವಿರುವ ನೆಲದ ಭಾಷೆಯನ್ನು ಓದಲು ಕಲಿಯುವುದರಿಂದ ಕನ್ನಡಕ್ಕೆ ಕುಂದಿಲ್ಲ. ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿತಿದ್ದಾರೆ; ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಗದವನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಸಂಘದ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ: ತಿಂಗಳಿಗೊಂದು ಭಾನುವಾರ ಇಲ್ಲಿ ಒಂದು ಮೇಜು ಹಾಕಿಸಿರಿ. ಎರಡೂ ಭಾಷೆ ಬಲ್ಲ ಒಬ್ಬರು ಕುಳಿತು, ಮುಂಗಡ ಕೊಡುವ ಮೊದಲು ಕಾಗದ ತಂದವರಿಗೆ ಓದಿ ಹೇಳಲಿ. ಮೊದಲ ಭಾನುವಾರ ನಾನೇ ಬಂದು ಕೂರುತ್ತೇನೆ.