ಮತದಾನವೂ ಪ್ರಜೆಯ ಧರ್ಮವೂ



ಪ್ರಭುತ್ವವು ಒಬ್ಬನ ಸೊತ್ತಾಗಿದ್ದ ಕಾಲವು ಈ ಸೀಮೆಗೆ ಬಹು ದೂರದ್ದಲ್ಲ. ಕೊಪ್ಪಳ, ಯಲಬುರ್ಗೆಗಳು ಸಾಲಾರಜಂಗರ ಜಹಗೀರಿಯಾಗಿದ್ದವು; ಗಂಗಾವತಿ, ಕುಷ್ಟಗಿಗಳೂ ನಿಜಾಮರ ರಾಜ್ಯದಲ್ಲಿಯೇ ಇದ್ದವು. ರೈತನು ಕಂದಾಯವನ್ನು ತೆರುತ್ತಿದ್ದನು. ಅದರ ವಿನಿಯೋಗವೇನಾಯಿತೆಂದು ಕೇಳುವ ಅಧಿಕಾರವು ಅವನಿಗಿರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆಯು ಮುಗಿಯಿತು. 1952ರ ಮಹಾಚುನಾವಣೆಯಲ್ಲಿ 21 ವರುಷ ತುಂಬಿದ ಸ್ತ್ರೀಪುರುಷರೆಲ್ಲರಿಗೂ ಒಂದೊಂದು ಮತವು ದೊರೆಯಿತು. ಅಕ್ಷರ ಬಾರದವರು ಚಿಹ್ನೆಯನ್ನು ನೋಡಿ ತಮಗೆ ಬೇಕಾದವರ ಪೆಟ್ಟಿಗೆಯಲ್ಲಿ ಮತಪತ್ರವನ್ನು ಹಾಕಿದರು. ಧನಿಕನ ಮತವೂ ಕೂಲಿಯವಳ ಮತವೂ ಎಣಿಕೆಯಲ್ಲಿ ಸಮನಾದವು.

ಆಗ ಕುಷ್ಟಗಿ ಲೋಕಸಭಾ ಕ್ಷೇತ್ರದ ಜನರು, ಹೈದರಾಬಾದು ವಿಮೋಚನೆಯ ಹೋರಾಟದಲ್ಲಿ ಮುಂಡರಗಿ ಶಿಬಿರವನ್ನು ನಡೆಯಿಸಿದ ಅಳವಂಡಿಯ ಶಿವಮೂರ್ತಿಸ್ವಾಮಿಗಳನ್ನು ಆರಿಸಿದರು. ಅವರು ಯಾವ ಪಕ್ಷವನ್ನೂ ಆಶ್ರಯಿಸದ ಸ್ವತಂತ್ರ ಅಭ್ಯರ್ಥಿಗಳು. 1957ರಲ್ಲಿ ಕೊಪ್ಪಳ ಕ್ಷೇತ್ರದಿಂದ ಕಾಂಗ್ರೆಸ್ಸಿನ ಅಭ್ಯರ್ಥಿಗೆ ಜಯ ದೊರೆಯಿತು. 1962ರಲ್ಲಿ ಲೋಕಸೇವಕ ಸಂಘದಿಂದ ನಿಂತ ಅದೇ ಸ್ವಾಮಿಗಳನ್ನು ಜನರು ಪುನಃ ಕಳುಹಿಸಿದರು. ಇದರಿಂದ ವಿಶದವಾಗುವದೇನೆಂದರೆ, ತ್ಯಾಗಕ್ಕೆ ಗೌರವವು ಸಲ್ಲುವದು ಸಹಜ. ಆದರೂ ಪ್ರತಿನಿಧಿಯ ಪೀಠವು ಯಾವ ವ್ಯಕ್ತಿಗೂ, ಯಾವ ಪಕ್ಷಕ್ಕೂ ವಂಶಪರಂಪರೆಯ ವತನವಲ್ಲ.

ಪಕ್ಷವೆಂದರೆ ಹಗೆತನದ ಗುಂಪಲ್ಲ. ರಾಜ್ಯಕಾರ್ಯವನ್ನು ಯಾವ ರೀತಿಯಿಂದ ನಡೆಯಿಸಬೇಕೆಂಬಲ್ಲಿ ಏಕಾಭಿಪ್ರಾಯವುಳ್ಳವರ ಕೂಟ. ಗಂಗಾವತಿಯ ಭತ್ತದ ಗದ್ದೆಗೆ ತುಂಗಭದ್ರೆಯ ಕಾಲುವೆಯ ಚಿಂತೆ. ಕುಷ್ಟಗಿ, ಯಲಬುರ್ಗೆಗಳ ಬೆದ್ದಲು ಭೂಮಿಗೆ ಮಳೆಯ ಚಿಂತೆ. ಅವಶ್ಯಕತೆಗಳು ಬೇರೆಯಾದಲ್ಲಿ ಅಭಿಪ್ರಾಯಗಳೂ ಬೇರೆಯಾಗುವವು. ಒಂದೇ ಪಂಕ್ತಿಯಲ್ಲಿ ಪ್ರಸಾದವನ್ನು ಸ್ವೀಕರಿಸುವವರು ಬೇರೆ ಬೇರೆ ಚಿಹ್ನೆಗಳಿಗೆ ಮತವಿತ್ತರೆ ಭಕ್ತಿಗೆ ಕುಂದಿಲ್ಲ. ಮತಭೇದವು ಮನೆಯ ಹೊಸ್ತಿಲು ದಾಟಿ ನೆಂಟಸ್ತನವನ್ನು ಮುರಿದರೆ ಮಾತ್ರ ಕೇಡು. ಜಾತಿಯನ್ನೇ ನೋಡಿ ಮತವಿತ್ತವನು ಯೋಗ್ಯತೆಯನ್ನು ನೋಡಲಿಲ್ಲ. ಹಣವನ್ನು ಕೊಂಡು ಮತವಿತ್ತವನು ಐದು ವರುಷಗಳ ಪ್ರಶ್ನಿಸುವ ಬಾಯಿಯನ್ನು ಒಂದು ದಿನದ ಬೆಲೆಗೆ ಮಾರಿಕೊಂಡನು.

ಮತವನ್ನು ಕೊಟ್ಟ ಮಾತ್ರಕ್ಕೆ ಪ್ರಜೆಯ ಕರ್ತವ್ಯವು ತೀರಲಿಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯು ಗ್ರಾಮಸಭೆಯಲ್ಲಿ ಕುಳಿತು ಊರಿನ ಕೆಲಸಗಳ ಲೆಕ್ಕವನ್ನು ಕೇಳುವ ಹಕ್ಕನ್ನು ಮತದಾರನಿಗೆ ಕೊಟ್ಟಿದೆ. ಆ ಸಭೆಯು ಬರಿದಾದರೆ ಹಕ್ಕು ಕಾಗದದಲ್ಲಿಯೇ ಉಳಿಯುವದು. ಜಾತ್ರೆಯ ತೇರಿನ ಹಗ್ಗಕ್ಕೆ ಊರೆಲ್ಲವೂ ಕೈ ಹಚ್ಚುವಂತೆ ಊರಿನ ಲೆಕ್ಕಕ್ಕೂ ಎಲ್ಲರೂ ಕಣ್ಣು ಹಚ್ಚಬೇಕು. ತಾಯಂದಿರು ಹಿಂದೆ ನಿಲ್ಲಬಾರದು. 18 ತುಂಬಿದ ತರುಣರು ಉದಾಸೀನರಾಗಬಾರದು. ಹಿರಿಯರಿಗೆ ದೊರೆಯದಿದ್ದ ಅಧಿಕಾರವಿದು. ಇದನ್ನು ಶುದ್ಧವಾಗಿ ಬಳಸುವ ಸದ್ಬುದ್ಧಿಯು ಸರ್ವರಲ್ಲಿಯೂ ನೆಲೆಸಲಿ.