ಹತ್ತು ವಿಷಯ ಬರೆದು ಬದುಕುವುದು

(ಸುವರ್ಣ ಮಹೋತ್ಸವದ ಎರಡನೆಯ ದಿನ ‘ಹಳೆಯ ವಿದ್ಯಾರ್ಥಿಗಳ ವೃತ್ತಿ ಅನುಭವ’ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗಿಂತ ಮುಂಚೆ ಮಾತಾಡಿದವರಲ್ಲಿ ಒಬ್ಬರು ಡಾಕ್ಟರು, ಒಬ್ಬರು ಎಂಜಿನಿಯರು, ಒಬ್ಬರು ಸೈನ್ಯದಲ್ಲಿ ಇದ್ದು ಬಂದವರು. ಅವರು ಏನು ಕೆಲಸ ಮಾಡುತ್ತಾರೆ ಅಂತ ಯಾರಿಗೂ ವಿವರಿಸಬೇಕಾಗಿಲ್ಲ. ನನ್ನ ಕೆಲಸವನ್ನು ಮಾತ್ರ ವಿವರಿಸಲೇಬೇಕು. ಊರಿಗೆ ಬಂದಾಗಲೆಲ್ಲ ‘ತಂಗೀ, ನೀನು ಏನು ಬರೀತೀಯ?’ ಅಂತ ಕೇಳುತ್ತಾರೆ. ‘ಎಲ್ಲಾ ಬರೀತೀನಿ’ ಅಂದರೆ ನಗುತ್ತಾರೆ. ನಗುವುದು ಸಹಜ. ಎಲ್ಲವನ್ನೂ ಬಲ್ಲವರು ಯಾರೂ ಇಲ್ಲ. ಹಾಗಿದ್ದ ಮೇಲೆ ಎಲ್ಲವನ್ನೂ ಬರೆಯುವುದು ಹೇಗೆ? ಇವತ್ತು ಆ ಪ್ರಶ್ನೆಗೆ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಕೆಲಸದ ಸ್ವರೂಪ ಹೇಳುತ್ತೇನೆ. ಈಗ ಜನ ಮಾಹಿತಿ ಬೇಕಾದಾಗ ಮೊಬೈಲ್ ತೆಗೆದು ಹುಡುಕುತ್ತಾರೆ. ಮಗುವಿಗೆ ಜ್ವರ ಬಂದರೆ, ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ, ಗೃಹಸಾಲ ಬೇಕಾದರೆ, ಪಂಪ್‌ಸೆಟ್ ಕೆಟ್ಟರೆ, ಎಲ್ಲದಕ್ಕೂ ಅದೇ. ಹುಡುಕಿದಾಗ ತೆರೆಯ ಮೇಲೆ ಬರುವ ಬರಹವನ್ನು ಯಾರೋ ಒಬ್ಬರು ಬರೆದಿರಬೇಕಲ್ಲ? ಅಂಥವರಲ್ಲಿ ನಾನೂ ಒಬ್ಬಳು. ಜಾಲತಾಣ ನಡೆಸುವವರು ವಿಷಯ ಕೊಡುತ್ತಾರೆ, ಎಷ್ಟು ಪದ ಬೇಕು, ಯಾವ ದಿನಕ್ಕೆ ಬೇಕು ಅಂತ ಹೇಳುತ್ತಾರೆ. ಸಂಬಳ ಇಲ್ಲ. ಪದಕ್ಕೆ ಇಷ್ಟು, ಇಲ್ಲವೇ ಲೇಖನಕ್ಕೆ ಇಷ್ಟು ಅಂತ ಲೆಕ್ಕ. ಸೋಮವಾರ ಜೀವವಿಮೆ, ಬುಧವಾರ ಮಕ್ಕಳ ಲಸಿಕೆ, ಶುಕ್ರವಾರ ಅಣೆಕಟ್ಟಿನ ನೀರು, ಶನಿವಾರ ಬೀಟ್‌ರೂಟ್ ಪಲ್ಯ. ಬಹಳಷ್ಟು ಬರಹಗಳ ಕೆಳಗೆ ನನ್ನ ಹೆಸರೂ ಇರುವುದಿಲ್ಲ.

ಇದು ಹೊಸ ಕೆಲಸ ಅಂತ ಅನ್ನಿಸಬಹುದು. ಮೊಬೈಲು ಹೊಸದು, ಕೆಲಸ ಹಳೆಯದು. ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟವರು. ಅವರ ಹತ್ತಿರ ವಿಜ್ಞಾನದ ಪದವಿ ಇರಲಿಲ್ಲ. ಆದರೂ 1930ರ ದಶಕದಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬರೆದರು. ಆಮೇಲೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬರೆದರು. ಹುಬ್ಬಳ್ಳಿಯಲ್ಲಿ 1956ರಲ್ಲಿ ಶುರುವಾದ ‘ಕಸ್ತೂರಿ’ ಮಾಸಪತ್ರಿಕೆಯನ್ನು ಪಾ.ವೆಂ. ಆಚಾರ್ಯರು ಹಲವು ವರ್ಷ ಕಟ್ಟಿ ಬೆಳೆಸಿದರು. ವಿಜ್ಞಾನ, ಇತಿಹಾಸ, ಪದಗಳ ಹುಟ್ಟು, ಹಾಸ್ಯ ಎಲ್ಲವನ್ನೂ ಬರೆದರು. ನಿರಂಜನರು ಕಾದಂಬರಿಕಾರರು, ಆದರೆ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ಗೆ ಪ್ರಧಾನ ಸಂಪಾದಕರಾದರು. ಕಾಲೇಜು ಮೆಟ್ಟಿಲು ಹತ್ತದ ಎಷ್ಟೋ ಜನ ಕನ್ನಡಿಗರಿಗೆ ಲೋಕಜ್ಞಾನ ಬಂದದ್ದು ಇಂಥವರಿಂದ. ಅವರ ಸಾಲಿನಲ್ಲಿ ನಾನು ನಿಲ್ಲುತ್ತೇನೆ ಅಂತ ಹೇಳುತ್ತಿಲ್ಲ. ದಾರಿ ಹಾಕಿದವರು ಯಾರು ಅನ್ನುವುದು ಮಕ್ಕಳಿಗೆ ಗೊತ್ತಿರಲಿ ಅಂತ ಹೆಸರು ಹೇಳಿದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಎಲ್ಲ ವಿಷಯ ಬರೆಯುವವರ ಮೇಲೆ ಒಂದು ಭಾರ ಇದೆ. ಓದಿದವರು ಓದಿ ಸುಮ್ಮನೆ ಇರುವುದಿಲ್ಲ, ಓದಿದಂತೆ ಮಾಡುತ್ತಾರೆ.

ನಮ್ಮ ಕಡೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಅಡಿಕೆಗೆ ಕೊಳೆರೋಗ ಬಂದರೆ ವರ್ಷದ ದುಡಿಮೆ ಮರದ ಬುಡದಲ್ಲಿ ಉದುರಿ ಬೀಳುತ್ತದೆ. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆ ಕಟ್ಟಿದ ಡಾ. ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಬೋರ್ಡೋ ದ್ರಾವಣದ ಸಿಂಪಡಣೆ ಮಲೆನಾಡಿನ ತೋಟಗಳಿಗೆ ಬಂದದ್ದು ಆ ಕೆಲಸದಿಂದ. ಇಲ್ಲಿ ಕುಳಿತಿರುವ ತೋಟದವರಿಗೆಲ್ಲ ಲೆಕ್ಕ ಬಾಯಿಪಾಠ: ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕದಡಬೇಕು. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಸುರಿಯುತ್ತಾ ಕಲಕಬೇಕು. ಸುಣ್ಣದ ನೀರನ್ನು ಮೈಲುತುತ್ತಕ್ಕೆ ಸುರಿಯಬಾರದು. ಉಜ್ಜಿದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು ಅಂತ ಅರ್ಥ.

ಈ ಬರಹದಲ್ಲಿ ಯಾರಾದರೂ ಒಂದು ಸೊನ್ನೆ ಬಿಟ್ಟು 10 ಲೀಟರ್ ಅಂತ ಬರೆದರೆ? ಸುರಿಯುವ ಕ್ರಮ ಹಿಂದುಮುಂದು ಮಾಡಿದರೆ? ಅಥವಾ ಚಾಕುವಿನ ಪರೀಕ್ಷೆಯನ್ನು ‘ಪದ ಜಾಸ್ತಿಯಾಯಿತು’ ಅಂತ ತೆಗೆದು ಹಾಕಿದರೆ? ಬರೆದವರಿಗೆ ಹಣ ಬರುತ್ತದೆ, ನಷ್ಟ ತೋಟದವರಿಗೆ.

ಇನ್ನೊಂದು ಉದಾಹರಣೆ ಮನೆಯೊಳಗಿನದು. ಮಗುವಿಗೆ ಭೇದಿಯಾದಾಗ ಆಸ್ಪತ್ರೆಯ ಓ.ಆರ್.ಎಸ್. ಪೊಟ್ಟಣ ಸಿಗದಿದ್ದರೆ ಮನೆಯಲ್ಲೇ ಮಾಡುವ ನೀರಿನ ಲೆಕ್ಕ ಇದು: 1 ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟವಾಗಿರಬೇಕು, ಗೋಪುರವಾಗಿರಬಾರದು. ಕನ್ನಡದಲ್ಲಿ ನಾವು ಎಲ್ಲದಕ್ಕೂ ‘ಚಮಚ’ ಅನ್ನುತ್ತೇವೆ. ಟೀ ಚಮಚ ಅಂದರೆ 5 ಮಿಲಿಲೀಟರ್. ಊಟದ ದೊಡ್ಡ ಚಮಚದ ಅಳತೆ 15 ಮಿಲಿಲೀಟರ್. ‘ಟೀ’ ಅನ್ನುವ ಒಂದಕ್ಷರ ಬಿಟ್ಟರೆ ಉಪ್ಪು ಮೂರು ಪಟ್ಟು ಆಗಬಹುದು. ಎಳೆಯ ಮಗುವಿಗೆ ಅಷ್ಟು ಉಪ್ಪು ಅಪಾಯ. ಭಾಷೆ ಎಷ್ಟು ಚೆನ್ನಾಗಿದ್ದರೂ, ಗಾದೆ ಎಷ್ಟು ಸೇರಿಸಿದ್ದರೂ, ಈ ಒಂದಕ್ಷರದ ಮುಂದೆ ಅವೆಲ್ಲ ಲೆಕ್ಕಕ್ಕಿಲ್ಲ.

ಹಾಗಾದರೆ ಬಲ್ಲವರಲ್ಲದವರು ಬರೆಯಲೇಬಾರದೇ? ಬರೆಯಬಹುದು, ಬರೆಯಲೂ ಬೇಕು. ಬಲ್ಲವರು ಬಲ್ಲವರಿಗಾಗಿ ಬರೆಯುತ್ತಾರೆ. ಅದನ್ನು ತೋಟದವರಿಗೆ, ತಾಯಂದಿರಿಗೆ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ತಿಳಿಯುವಂತೆ ಹೇಳುವವರು ಮಧ್ಯೆ ಒಬ್ಬರು ಬೇಕು. ಆ ಮಧ್ಯದವರಿಗೆ ನಾಲ್ಕು ಅಭ್ಯಾಸಗಳು ಇರಬೇಕು. ನಾನು ಕಲಿತ ಕ್ರಮದಲ್ಲೇ ಹೇಳುತ್ತೇನೆ.

ಮೊದಲನೆಯದು, ಮೂಲಕ್ಕೆ ಹೋಗುವುದು. ಈ ಶಾಲೆಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಉತ್ತರ ಸರಿಯಿದ್ದರೂ ‘ಎಲ್ಲಿ ಓದಿದೆ?’ ಅಂತ ಕೇಳುತ್ತಿದ್ದರು. ಪುಟ ತೋರಿಸದೆ ಕೂರುವ ಹಾಗಿರಲಿಲ್ಲ. ಅಂತರ್ಜಾಲದಲ್ಲಿ ಹತ್ತು ಕಡೆ ಒಂದೇ ಮಾತು ಕಂಡರೆ ಹತ್ತು ಸಾಕ್ಷಿ ಸಿಕ್ಕಿತು ಅಂತ ನಂಬುತ್ತೇವೆ. ಅವರಲ್ಲಿ ಒಂಬತ್ತು ಜನ ಹತ್ತನೆಯವರನ್ನು ನೋಡಿ ಬರೆದಿದ್ದರೆ ಸಾಕ್ಷಿ ಒಂದೇ. ಸರ್ಕಾರಿ ಯೋಜನೆಯ ವಿಷಯವಾದರೆ ಆದೇಶದ ಪ್ರತಿ ನೋಡಬೇಕು. ಔಷಧಿಯಾದರೆ ಆರೋಗ್ಯ ಇಲಾಖೆಯ ಕೈಪಿಡಿ, ಬೆಳೆಯಾದರೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು.

ಎರಡನೆಯದು, ಅಳತೆಯನ್ನು ಅರ್ಥ ಮಾಡಿಕೊಳ್ಳುವುದು. ಮಳೆಗಾಲದಲ್ಲಿ ಲಿಂಗನಮಕ್ಕಿಯ ಸುದ್ದಿ ಎಲ್ಲರೂ ನೋಡುತ್ತೇವೆ. ಗರಿಷ್ಠ ಮಟ್ಟ 1819 ಅಡಿ, ಒಳಹರಿವು ಇಷ್ಟು ಕ್ಯೂಸೆಕ್, ಸಂಗ್ರಹ ಇಷ್ಟು ಟಿಎಂಸಿ ಅಂತ ಇರುತ್ತದೆ. ಕ್ಯೂಸೆಕ್ ಅಂದರೆ ಒಂದು ಸೆಕೆಂಡಿಗೆ ಹರಿಯುವ ಒಂದು ಘನ ಅಡಿ ನೀರು, ಅದು ಹರಿವಿನ ವೇಗದ ಲೆಕ್ಕ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಅದು ನೀರಿನ ಪ್ರಮಾಣ. ಸುಮಾರು 11,574 ಕ್ಯೂಸೆಕ್ ನೀರು ಒಂದೇ ಸಮನೆ 24 ಗಂಟೆ ಹರಿದರೆ ಒಂದು ಟಿಎಂಸಿ ಆಗುತ್ತದೆ. ಒಂದು ದಿನಕ್ಕೆ 86,400 ಸೆಕೆಂಡ್ ಅನ್ನುವುದು ಗೊತ್ತಿದ್ದರೆ ಎಂಟನೆಯ ತರಗತಿಯ ಮಗು ಈ ಗುಣಾಕಾರ ಮಾಡಬಹುದು. ಹಾಗೆಯೇ ಮಿಲಿಯನ್ ಅಂದರೆ ಹತ್ತು ಲಕ್ಷ, ಬಿಲಿಯನ್ ಅಂದರೆ ನೂರು ಕೋಟಿ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ಹೆಚ್ಚು ಮುಗ್ಗರಿಸುವುದು ಇಲ್ಲೇ. ಮಕ್ಕಳೇ, ಗಣಿತ ಬಾರದವರು ಬರಹಗಾರರಾಗುತ್ತಾರೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮೂರನೆಯದು, ಕೆಲಸ ಮಾಡುವವರನ್ನು ಕೇಳುವುದು. ಪುಸ್ತಕದಲ್ಲಿ ಇಲ್ಲದ್ದು ಅವರ ಕೈಯಲ್ಲಿರುತ್ತದೆ. ದ್ರಾವಣ ಕದಡಲು ಲೋಹದ ಪಾತ್ರೆ ಯಾಕೆ ಬೇಡ ಅಂತ ಕೃಷಿ ಅಧಿಕಾರಿ ಹೇಳುತ್ತಾರೆ. ಯಾವ ಗಾಳಿಗೆ ಮರ ಹತ್ತಬಾರದು ಅಂತ ಹೇಳುವವರು ಕೊನೆಗೌಡರು. ಇಬ್ಬರ ಮಾತೂ ಇದ್ದರೆ ಬರಹ ಪೂರ್ಣ. ಕೇಳಲು ನಾಚಿಕೆ ಇರುವವರಿಗೆ ಈ ಕೆಲಸ ಒಗ್ಗುವುದಿಲ್ಲ. ನಾನು ಫೋನು ಮಾಡಿ ‘ನನಗೆ ಇದು ಗೊತ್ತಿಲ್ಲ, ಮಗುವಿಗೆ ಹೇಳಿದ ಹಾಗೆ ಹೇಳಿ’ ಅಂತಲೇ ಶುರು ಮಾಡುತ್ತೇನೆ. ಬೈದವರು ಕಡಿಮೆ, ತಾಳ್ಮೆಯಿಂದ ಹೇಳಿಕೊಟ್ಟವರೇ ಜಾಸ್ತಿ.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು, ಬಿಡುವುದು. ಖಾತ್ರಿಯಾಗದ ಅಂಕಿಯನ್ನು ಬಿಡುವುದು, ಕೈಲಾಗದ ವಿಷಯವನ್ನು ಒಪ್ಪಿಕೊಳ್ಳದಿರುವುದು. ಒಮ್ಮೆ ಒಂದು ಸಂಸ್ಥೆಯವರು ಸಕ್ಕರೆ ಕಾಯಿಲೆಯನ್ನು ಪೂರ್ತಿ ಗುಣ ಮಾಡುತ್ತದೆ ಅನ್ನುವ ಪುಡಿಯ ಬಗ್ಗೆ ಬರೆದುಕೊಡಿ ಅಂದರು. ಮಾಮೂಲಿಗಿಂತ ಎರಡು ಪಟ್ಟು ಹಣ. ಆಧಾರದ ಕಾಗದ ಕೇಳಿದೆ. ‘ಅದೆಲ್ಲ ನಿಮಗೆ ಯಾಕೆ, ಬರೆಯಿರಿ’ ಅಂದರು. ನಾನು ಬರೆಯಲಿಲ್ಲ. ಅವರು ಮತ್ತೆ ಬೇರೆ ಕೆಲಸವನ್ನೂ ಕೊಡಲಿಲ್ಲ. ಆ ತಿಂಗಳು ಮನೆಯ ಲೆಕ್ಕ ಸ್ವಲ್ಪ ಬಿಗಿಯಾಯಿತು. ಪುಡಿ ನಂಬಿ ಮಾತ್ರೆ ಬಿಟ್ಟವರು ಊರಲ್ಲಿ ಒಬ್ಬರಿದ್ದರೂ ನನಗೆ ನಿದ್ದೆ ಬರುತ್ತಿರಲಿಲ್ಲ, ಅಷ್ಟೇ.

ಇನ್ನು ಈಗಿನ ಸ್ಥಿತಿ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಯಂತ್ರವೂ ಬರೆಯತೊಡಗಿದೆ, ಕನ್ನಡದಲ್ಲೂ ಬರೆಯುತ್ತದೆ. ಇದನ್ನು ಮುಚ್ಚಿಟ್ಟು ನಿಮಗೆ ಆಸೆ ತೋರಿಸುವುದು ಸರಿಯಲ್ಲ. ನನಗೆ ಬರುತ್ತಿದ್ದ ಕೆಲಸದಲ್ಲಿ ಒಂದು ಭಾಗ ನಿಂತಿತು. ಇನ್ನೊಂದು ಭಾಗ ರೂಪ ಬದಲಿಸಿತು. ಯಂತ್ರ ಬರೆದದ್ದನ್ನು ತಿದ್ದಿಕೊಡಿ ಅಂತ ಬರುತ್ತದೆ, ಅದಕ್ಕೆ ಕೊಡುವ ಹಣ ಕಡಿಮೆ. ಯಂತ್ರದ ವಾಕ್ಯ ನುಣುಪಾಗಿರುತ್ತದೆ. ಆದರೆ ಇಲ್ಲದ ಪುಸ್ತಕದ ಹೆಸರು, ನಡೆಯದ ಘಟನೆಯ ಇಸವಿ, ಇವನ್ನೂ ಅದೇ ನುಣುಪಿನಿಂದ ಹೇಳಿಬಿಡುತ್ತದೆ. ನಮ್ಮ ಮೇಷ್ಟ್ರ ‘ಎಲ್ಲಿ ಓದಿದೆ?’ ಪ್ರಶ್ನೆಯನ್ನು ಅದಕ್ಕೂ ಕೇಳಲೇಬೇಕು. ವಾಕ್ಯ ಕಟ್ಟುವುದಕ್ಕೆ ಬೆಲೆ ಇಳಿದಿದೆ. ಇದು ನಿಜವೇ ಅಂತ ನೋಡಿ, ನಿಜ ಅಂತ ಹೊಣೆ ಹೊರುವವರ ಅಗತ್ಯ ಹೋಗಿಲ್ಲ, ಹೆಚ್ಚಾಗಿದೆ. ಆ ಅಗತ್ಯಕ್ಕೆ ತಕ್ಕ ಹಣ ಕೊಡುವವರು ಇನ್ನೂ ಕಡಿಮೆ.

ಈ ದಾರಿಗೆ ಬರಬೇಕು ಅನ್ನುವ ಮಕ್ಕಳು ಇದ್ದರೆ ನಾಲ್ಕು ಮಾತು. ಒಂದು ವಿಷಯವನ್ನಾದರೂ ಆಳವಾಗಿ ಕಲಿಯಿರಿ. ಲೆಕ್ಕಶಾಸ್ತ್ರವಾಗಲಿ, ಕೃಷಿಯಾಗಲಿ, ಕಾನೂನಾಗಲಿ, ಒಂದು ಕಡೆ ಬೇರು ಇದ್ದರೆ ಹತ್ತು ಕಡೆ ಕೊಂಬೆ ಚಾಚಬಹುದು. ಆಳ ಅಂದರೆ ಏನು ಅಂತ ಒಮ್ಮೆ ಕಂಡವರಿಗೆ ಬೇರೆ ವಿಷಯದಲ್ಲಿ ತಾವು ಎಷ್ಟು ಮೇಲೆ ತೇಲುತ್ತಿದ್ದೇವೆ ಅನ್ನುವುದು ತಿಳಿಯುತ್ತದೆ. ಕನ್ನಡ, ಇಂಗ್ಲಿಷ್ ಎರಡನ್ನೂ ಚೆನ್ನಾಗಿ ಓದಿ. ಹಣದ ಮಾತನ್ನು ಮೊದಲೇ ಬರಹದಲ್ಲಿ ಮಾಡಿಕೊಳ್ಳಿ. ಇಲ್ಲಿ ತಿಂಗಳ ಸಂಬಳ, ಭವಿಷ್ಯನಿಧಿ, ರಜೆ ಯಾವುದೂ ಇಲ್ಲ. ಬಂದ ತಿಂಗಳು ಎತ್ತಿಟ್ಟು ಬಾರದ ತಿಂಗಳು ತಿನ್ನಬೇಕು. ಮಳೆ ನಂಬಿದ ಬೇಸಾಯದ ಹಾಗೆ.

ಕೊನೆಯದಾಗಿ ಶಾಲೆಗೂ ಊರಿಗೂ ಒಂದು ವಿನಂತಿ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅಲ್ಲಿ ಯಾರು ಬೇಕಾದರೂ, ದುಡ್ಡಿಲ್ಲದೆ, ಬರೆಯಬಹುದು. ಆಧಾರ ಕೊಡಬೇಕು, ಅಷ್ಟೇ. ನಮ್ಮ ಸುತ್ತಿನ ಕೆರೆ, ಹೊಳೆ, ಬೆಳೆ, ದೇವಸ್ಥಾನದ ಶಾಸನ, ಇವುಗಳ ಬಗ್ಗೆ ಕನ್ನಡದಲ್ಲಿ ನಂಬುವಂಥ ಬರಹ ಬಹಳ ಕಡಿಮೆ. ನಾವು ಬರೆಯದಿದ್ದರೆ ನಮ್ಮ ಊರನ್ನು ನೋಡದವರು ಬರೆಯುತ್ತಾರೆ, ಇಲ್ಲವೇ ಯಂತ್ರ ಊಹಿಸಿ ಬರೆಯುತ್ತದೆ. ಒಂಬತ್ತನೆಯ ತರಗತಿಯ ಮಕ್ಕಳು ವರ್ಷಕ್ಕೆ ಒಂದು ವಿಷಯ ಹಿಡಿದು, ಹಿರಿಯರನ್ನು ಕೇಳಿ, ಪುಸ್ತಕ ನೋಡಿ, ಮೇಷ್ಟ್ರ ಕೈಯಲ್ಲಿ ತಿದ್ದಿಸಿ ಬರೆಯಲಿ. ಅದಕ್ಕೆ ಬೇಕಾದ ಪುಸ್ತಕಗಳನ್ನು ಗ್ರಂಥಾಲಯಕ್ಕೆ ಕೊಡಲು ನಮ್ಮ ತಂಡದ ಗೆಳೆಯರೆಲ್ಲ ಒಪ್ಪಿದ್ದಾರೆ. ಮೊದಲ ಕಂತಿನ ಪುಸ್ತಕಗಳನ್ನು ಇವತ್ತೇ ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತಿದ್ದೇವೆ. ಅವನ್ನು ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ, ಹರಿದರೆ ಹರಿಯಲಿ, ಮತ್ತೆ ಕೊಡುತ್ತೇವೆ.